ಮಿಕ್ಕಿದ ಟೈಲ್ಸಿನ ಕೊಳ

ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಟೈಲ್ಸಕ್ಕ ಎಂದು. ಹೊಸ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುವುದು ಅವಳ ಕೆಲಸ. ಮೊದಮೊದಲು ಒಬ್ಬ ಮುದುಕ ಮೇಸ್ತ್ರಿಯ ಕೈಕೆಳಗೆ ಬರೀ ಸಂದು ತುಂಬುತ್ತಿದ್ದಳು, ಆಮೇಲೆ ತಾನೇ ಕರಣೆ ಹಿಡಿದಳು. ನೆಲಕ್ಕೆ ಮಂಡಿಯೂರಿ ಊರಿ ಮಂಡಿ ಕಪ್ಪಾಗಿದೆ. ಸಿಮೆಂಟು ತಿಂದು ಬೆರಳ ತುದಿಯಲ್ಲಿ ಗೆರೆಯೇ ಉಳಿದಿಲ್ಲ, ಹಾಗಾಗಿ ಬೆರಳೊತ್ತಿದರೆ ಅವಳ ಫೋನು ತೆರೆಯುವುದಿಲ್ಲ. "ನನ್ನ ಫೋನಿಗೇ ನಾನ್ಯಾರು ಅಂತ ಗೊತ್ತಿಲ್ಲ ನೋಡು" ಎಂದು ನಗುತ್ತಾಳೆ. ನಗುವಾಗ ಚೆಂದ ಕಾಣುತ್ತಾಳೆ. ಆದರೆ ಮನಸ್ಸಿಗೆ ಒಂದು ಏಟು ಬಿತ್ತೆಂದರೆ ಅದನ್ನು ಮರೆಯುವ ಜಾತಿಯಲ್ಲ ಅವಳು.

ನಾನು ಬಟ್ಟೆ ಹೊಲಿಯುವವಳು. ನನ್ನ ಮೆಷಿನ್ನು ಮಹಡಿಯ ಹಿಂಬದಿಯ ಕಿಟಕಿಗೆ ಒತ್ತಿಕೊಂಡಿದೆ. ಅಲ್ಲಿಂದ ಕತ್ತು ಎತ್ತಿದರೆ ಎರಡು ಹಿತ್ತಲು ಕಾಣುತ್ತವೆ. ತಗ್ಗಿನಲ್ಲಿರುವುದು ಟೈಲ್ಸಕ್ಕನದು, ಗೋಡೆಯಾಚೆ ಎತ್ತರದಲ್ಲಿರುವುದು ಅವಳ ವಾರಗಿತ್ತಿಯದು, ಅಂದರೆ ಅವಳ ಗಂಡನ ಅಣ್ಣನ ಹೆಂಡತಿಯದು. ಅಪ್ಪ ಬಿಟ್ಟುಹೋದ ಒಂದೇ ಜಾಗವನ್ನು ಅಣ್ಣತಮ್ಮ ಹಂಚಿಕೊಂಡದ್ದು. ಅಣ್ಣ ವ್ಯಾಪಾರಕ್ಕಿಳಿದು ಮೇಲೆ ಬಂದ, ಎರಡಂತಸ್ತಿನ ಮನೆ ಕಟ್ಟಿಸಿದ, ಹಿಂದುಗಡೆ ಒಂದು ಈಜುಕೊಳ ಮಾಡಿಸಿದ. ತಮ್ಮ ಬಸ್ಸು ಓಡಿಸುತ್ತಾ ಹಳೆಯ ಹೆಂಚಿನ ಮನೆಯಲ್ಲೇ ಉಳಿದ. ಅಣ್ಣತಮ್ಮಂದಿರಿಗೆ ಇದರ ಬಗ್ಗೆ ಏನೂ ಬೇಜಾರಿರಲಿಲ್ಲ. ಬೇಜಾರಿದ್ದರೂ ಇಬ್ಬರೂ ಬಾಯಿ ಬಿಡುವ ಪೈಕಿಯಲ್ಲ.

ಮೇಲಿನ ಮನೆಯ ಆ ಕೊಳಕ್ಕೆ ಟೈಲ್ಸ್ ಹಾಕಿದವರು ಮೇಸ್ತ್ರಿ ಮತ್ತು ಟೈಲ್ಸಕ್ಕನೇ. ಹಡಗಿನಲ್ಲಿ ತರಿಸಿದ ಚಿಕ್ಕಚಿಕ್ಕ ಟೈಲ್ಸ್, ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣ, ಒಳಗೆ ಚಿನ್ನದ ಚುಕ್ಕಿ. ಬಿಸಿಲು ಬಿದ್ದರೆ ನನ್ನ ಕೋಣೆಯ ಚಾವಣಿಯವರೆಗೂ ಮಿಣಮಿಣ ಎನ್ನುತ್ತಿತ್ತು. ಇಂಥ ಟೈಲ್ಸ್ ಈ ಊರಿನಲ್ಲಿ ಇನ್ನೊಬ್ಬರ ಮನೆಯಲ್ಲಿ ಕಾಣಬಾರದೆಂದು ವಾರಗಿತ್ತಿ ಅಂಗಡಿಯಲ್ಲಿದ್ದದ್ದನ್ನೆಲ್ಲ ಎತ್ತಿಸಿದ್ದಳು. ಕೊನೆಗೆ ಕೆಲವು ಪೆಟ್ಟಿಗೆ ಮಿಕ್ಕಿದಾಗ ಭಾವನೇ, "ತಗೊಂಡೋಗಮ್ಮ, ಇಲ್ಲಿ ಇಟ್ರೆ ಇಲಿ ಗೂಡು ಕಟ್ಟುತ್ತೆ" ಎಂದು ಕೊಟ್ಟುಬಿಟ್ಟಿದ್ದ. ಟೈಲ್ಸಕ್ಕ ಅದನ್ನು ಮನೆಯ ಹಿಂದಿನ ಓಣಿಯಲ್ಲಿ, ಬೇರೆ ಮನೆಗಳಲ್ಲಿ ಮಿಕ್ಕಿದ್ದರ ಜೊತೆ ಪೇರಿಸಿಟ್ಟಳು.

ಅವಳಿಗೆ ಒಬ್ಬಳೇ ಮಗಳು. ಕಡ್ಡಿಯ ಹಾಗಿರುವ ಹುಡುಗಿ, ಎಲ್ಲರ ಬಾಯಲ್ಲೂ ಗುಬ್ಬಿ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅವಳ ಎಡಗಾಲಿನ ಬಲವನ್ನು ಕಿತ್ತುಕೊಂಡು ಹೋಗಿತ್ತು. ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಟಕ್ ಟಕ್ ಎಂದು ನಡೆಯುತ್ತಿದ್ದಳು. ನೀರಿನಲ್ಲಿ ಕಾಲಾಡಿಸಿದರೆ ಬಲ ಬರುತ್ತದೆಂದು ಡಾಕ್ಟರು ಹೇಳಿದಾಗ ವಾರಗಿತ್ತಿಯೇ, "ನಮ್ಮ ಕೊಳ ಇರೋದ್ಯಾಕೆ? ಕಳಿಸು" ಅಂದಳು. ಗುಬ್ಬಿ ಹೋಗತೊಡಗಿದಳು. ಮೇಲಿನ ಮನೆಯ ಮಗಳು ಇವಳಿಗಿಂತ ಸ್ವಲ್ಪ ದೊಡ್ಡವಳು. ಅಕ್ಕ ತಂಗಿ ಇಬ್ಬರೂ ನೀರಿನಲ್ಲಿ ಕೂಗಾಡುವುದು ನನ್ನ ಮೆಷಿನ್ನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಗುಬ್ಬಿಯ ಕಾಲಿಗೂ ಚೂರು ಚೂರೇ ಜೀವ ಬರುತ್ತಿತ್ತು.

ಒಂದು ಭಾನುವಾರ ಮೇಲಿನ ಮನೆಗೆ ನೆಂಟರು ಬಂದಿದ್ದರು. ಭಾವನೂ ಸೇರಿ ಎಲ್ಲರೂ ಕೊಳದ ಸುತ್ತ ಕುರ್ಚಿ ಹಾಕಿ ಕೂತಿದ್ದರು. ಗುಬ್ಬಿ ಕಡಿಮೆ ಆಳದ ಕಡೆ ಕಂಬಿ ಹಿಡಿದು ಕಾಲಾಡಿಸುತ್ತಿದ್ದಳು. ಬಂದವರಲ್ಲಿ ಒಬ್ಬಾಕೆ, "ಈ ಹುಡುಗಿ ಯಾರು?" ಎಂದು ಕೇಳಿದಳು. ವಾರಗಿತ್ತಿ ಒಂದು ಗಳಿಗೆಯೂ ತಡೆಯದೆ, "ಟೈಲ್ಸ್ ಕೆಲಸಕ್ಕೆ ಬರ್ತಾಳಲ್ಲ, ಅವಳ ಮಗಳು" ಅಂದಳು. ಆಮೇಲೆ ಹತ್ತಿರ ಬಂದು, ಗುಬ್ಬಿಯ ಕಾಲಿಗೆ ಹಚ್ಚಿದ ಎಣ್ಣೆ ನೀರಿನ ಮೇಲೆ ತೇಲುತ್ತಿದೆ ಎಂದಳು, ಎದ್ದು ಮನೆಗೆ ಹೋಗು ಎಂದಳು. ಅಷ್ಟಕ್ಕೇ ಬಿಡಲಿಲ್ಲ. ತೋಟದವನನ್ನು ಕರೆದು, ನೆಂಟರ ಎದುರಿನಲ್ಲೇ, ಕೊಳದ ನೀರನ್ನು ಪೂರ್ತಿ ಖಾಲಿ ಮಾಡಿ ಉಜ್ಜಿ ತೊಳೆಯಲು ಹೇಳಿದಳು. ಗುಬ್ಬಿ ಮೆಟ್ಟಿಲ ಮೇಲೆ ಕೂತು ಕಾಲಿಗೆ ಪಟ್ಟಿ ಕಟ್ಟಿಕೊಳ್ಳುವಷ್ಟರಲ್ಲೇ ಪಂಪು ಶುರುವಾಗಿತ್ತು. ಹೀರಿದ ನೀರೆಲ್ಲ ಕೊಳವೆಯಲ್ಲಿ ಇಳಿದು ಟೈಲ್ಸಕ್ಕನ ಅಡುಗೆಮನೆಯ ಪಕ್ಕದ ಚರಂಡಿಯಲ್ಲೇ ಹರಿಯಿತು.

"ಕೆಲಸದವಳ ಮಗಳು ಅಂದ್ರು ಅಮ್ಮಾ. ದೊಡ್ಡಮ್ಮ ಹಾಗಂದ್ರು" ಎಂದಳಂತೆ ಗುಬ್ಬಿ. ಅತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಟೈಲ್ಸಕ್ಕ ನನ್ನ ಹತ್ತಿರ ಹೇಳಿದ್ದಾಳೆ. "ಅತ್ತಿದ್ರೆ ಸಮಾಧಾನ ಮಾಡಿ ನಾನೂ ಮಲಗಿಬಿಡ್ತಿದ್ದೆ. ಅವಳು ಅಳಲಿಲ್ಲ. ಟವೆಲ್ಲು ಹಿಂಡಿ ಹಗ್ಗದ ಮೇಲೆ ಹಾಕಿದಳು. ಆ ಹಿಂಡೋದನ್ನ ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು."

ಮರುದಿನ ಬೆಳಿಗ್ಗೆ ನಾನು ಕಿಟಕಿ ತೆರೆದಾಗ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿತ್ತು. ಟೈಲ್ಸಕ್ಕ ಸೆರಗು ಬಿಗಿದು ಪಿಕಾಸಿ ಬೀಸುತ್ತಿದ್ದಳು. ಬಸ್ಸಿನ ಕೆಲಸಕ್ಕೆ ಹೊರಟಿದ್ದ ಗಂಡ ಬಾಗಿಲಲ್ಲೇ ನಿಂತುಬಿಟ್ಟಿದ್ದ.

"ಏನ್ ಮಾಡ್ತಿದ್ದೀಯ?"

"ಗುಂಡಿ ತೋಡ್ತಿದ್ದೀನಿ."

"ಯಾರಿಗೆ?"

"ನಿಮ್ಮ ಅತ್ತಿಗೆಗೆ."

ಅವನ ಮುಖದ ಬಣ್ಣ ಹೋಯಿತು. ಅವಳು ಪಿಕಾಸಿ ಊರಿ ನಿಂತು, "ಹೂಳೋಕಲ್ಲ, ತೋರ್ಸೋಕೆ. ಕೊಳ ಕಟ್ತೀನಿ. ಅವಳ ಕಣ್ಣೆದುರಿಗೇ ಕಟ್ತೀನಿ" ಅಂದಳು. ಗಂಡ ಊಟದ ಡಬ್ಬಿ ಎತ್ತಿಕೊಂಡು ಸದ್ದಿಲ್ಲದೆ ಹೊರಟುಹೋದ. ಸಂಜೆ ಬಂದವನು ಸಮವಸ್ತ್ರ ಬಿಚ್ಚಿಟ್ಟು ಗುದ್ದಲಿ ಹಿಡಿದ. ಅವನ ರೀತಿಯೇ ಅದು.

ಮೇಸ್ತ್ರಿ ಬಂದು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಹಿಸುಕಿ ನೋಡಿದರು. ಬಾಯಿ ತುಂಬ ಹಲ್ಲಿಲ್ಲದಿದ್ದರೂ ಮಾತು ಮಾತ್ರ ಗಟ್ಟಿ.

"ಮಗಳೇ, ಇದು ತಗ್ಗು. ಮಳೆ ಇನ್ನೇನು ಬಂದೇಬಿಡುತ್ತೆ. ಮಳೆಗಾಲ ಕಳೀಲಿ, ಆಮೇಲೆ ಕಟ್ಟೋಣ."

"ಅಷ್ಟರಲ್ಲಿ ನನ್ನ ಸಿಟ್ಟು ಆರಿಹೋಗುತ್ತೆ ಮೇಸ್ತ್ರಿ."

"ಆರಿದ್ರೆ ಒಳ್ಳೇದಲ್ವಾ?"

"ನನಗೆ ಬೇಡ."

ಮೇಸ್ತ್ರಿ ನಕ್ಕು ಅಂಗಿ ಬಿಚ್ಚಿದರು. ಗುಬ್ಬಿಯ ಎದೆಮಟ್ಟ ನೀರು ನಿಲ್ಲುವಷ್ಟು ಆಳ, ಒಂದು ಕಡೆ ಅಗಲವಾದ ಮೆಟ್ಟಿಲು, ಉದ್ದಕ್ಕೂ ಕೈ ಹಿಡಿಯಲು ಕೊಳವೆ, ಇಷ್ಟೇ ನಕ್ಷೆ. ಕೆಲಸವಿಲ್ಲದ ದಿನಗಳಲ್ಲಿ ಮೂವರೂ ಸೇರಿ ತೋಡಿದರು.

ಗುಂಡಿ ಆಳಕ್ಕಿಳಿದ ವಾರವೇ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ದಬ್ ಎಂದು ಸದ್ದಾಯಿತು. ನಾನು ಬಗ್ಗಿ ನೋಡಿದರೆ ಗುಂಡಿಯ ಒಂದು ಪಕ್ಕ ಕುಸಿದು ಪಾಯಸದಂತೆ ಕೆಸರು ತುಂಬಿಕೊಂಡಿತ್ತು. ಟೈಲ್ಸಕ್ಕ ಕೆಲಸದಿಂದ ಓಡಿಬಂದು, ಚೀಲಗಳಿಗೆ ಮರಳು ತುಂಬಿ ಆ ಪಕ್ಕಕ್ಕೆ ಒತ್ತು ಕೊಟ್ಟಳು. ಬಕೆಟ್ಟಿನಲ್ಲಿ ಕೆಸರು ಎತ್ತೆತ್ತಿ ಎಸೆದಳು. ಎಷ್ಟು ಎತ್ತಿದರೂ ನೀರು ಮತ್ತೆ ಬರುತ್ತಿತ್ತು. ಎಲ್ಲಿಂದ ಎಂದು ಹುಡುಕಿದಾಗ ಗೊತ್ತಾಯಿತು. ಮೇಲಿನ ಮನೆಯ ಚಾವಣಿಯ ನೀರಿಳಿಯುವ ಕೊಳವೆ ಮೊದಲು ಬೀದಿಯ ಕಡೆಗಿತ್ತು. ಈಗ ಅದನ್ನು ಮುರಿದು ತಿರುಗಿಸಿ ಗೋಡೆಯ ಬುಡಕ್ಕೆ ಬಿಟ್ಟಿದ್ದರು.

ಕೆಸರುಗಾಲಿನಲ್ಲೇ ಹೋಗಿ ಮೇಲಿನ ಮನೆಯ ಬಾಗಿಲು ತಟ್ಟಿದಳು.

"ಅಕ್ಕಾ, ನಿಮ್ಮ ಕೊಳವೆ ನೀರು ನಮ್ಮ ಗುಂಡಿಗೆ ಬರ್ತಿದೆ."

ವಾರಗಿತ್ತಿ ಅವಳ ಕಾಲನ್ನು ನೋಡಿದಳೇ ಹೊರತು ಮುಖವನ್ನಲ್ಲ. "ಮಳೆ ನಾನು ಸುರಿಸ್ತಿದ್ದೀನೇನೇ? ತಗ್ಗಲ್ಲಿರೋರ ಕಡೆಗೆ ನೀರು ಬರುತ್ತಪ್ಪ. ಮೊದಲು ಆ ಕಾಲು ಇಳಿಸು, ಈಗ ತಾನೇ ಒರೆಸಿದ್ದಾರೆ."

ಟೈಲ್ಸಕ್ಕ ತಿರುಗಿ ಬಂದಳು. ಆ ದಿನದಿಂದ ಅವಳು ಮಾಡಿದ ಕೆಲಸವನ್ನು ನೋಡಬೇಕಿತ್ತು. ಗೋಡೆಯ ಉದ್ದಕ್ಕೂ ಒಂದು ಕಾಲುವೆ ತೋಡಿ ಆ ನೀರನ್ನು ಬೀದಿಯ ಚರಂಡಿಗೆ ತಿರುಗಿಸಿದಳು. ಗುಂಡಿಯ ಮೂಲೆಯಲ್ಲಿ ಇನ್ನೊಂದು ಚಿಕ್ಕ ಕುಳಿ ಮಾಡಿ, ಇಳಿದ ನೀರೆಲ್ಲ ಅಲ್ಲಿ ಸೇರುವಂತೆ ಇಳಿಜಾರು ಕೊಟ್ಟು, ಬಾಡಿಗೆ ಪಂಪು ಇಳಿಸಿದಳು. ಹಳೆಯ ಕೊಳವೆಗಳನ್ನು ನಿಲ್ಲಿಸಿ ಮೇಲೆ ಟಾರ್ಪಾಲು ಕಟ್ಟಿದಳು. ಟಾರ್ಪಾಲಿನಲ್ಲಿ ನೀರು ನಿಂತು ಹೊಟ್ಟೆ ಬಂದಾಗ ಗಂಡ ಕೆಳಗಿನಿಂದ ಪೊರಕೆ ಹಿಡಿಯಿಂದ ಎತ್ತುತ್ತಿದ್ದ. ಅದು ಒಮ್ಮೊಮ್ಮೆ ನೇರ ಅವನ ತಲೆಗೇ ಸುರಿಯುತ್ತಿತ್ತು. ಅವನು ಬೈಯುತ್ತಿದ್ದ, ಅವಳು ನಗುತ್ತಿದ್ದಳು. ಸಿಟ್ಟಿನಲ್ಲಿ ಕೆಲಸ ಮಾಡುವವರು ಇಷ್ಟು ಖುಷಿಯಾಗಿರಬಲ್ಲರೆಂದು ನನಗೆ ಆಗಲೇ ತಿಳಿದದ್ದು.

ಕಬ್ಬಿಣದ ಸರಳು ಕಟ್ಟಿ, ಒಂದು ಬಿಸಿಲಿನ ದಿನ ನೋಡಿ ಕಾಂಕ್ರೀಟು ಹಾಕಿದರು. ಅದು ಗಟ್ಟಿಯಾಗುತ್ತಿದ್ದಂತೆ ಮತ್ತೆ ಜಡಿಮಳೆ. ಆಗ ಮೇಸ್ತ್ರಿ, "ಕೊಳಕ್ಕೆ ನೀರು ಬಿಡು" ಅಂದರು.

"ಇನ್ನೂ ಟೈಲ್ಸೇ ಹಾಕಿಲ್ಲವಲ್ಲ ಮೇಸ್ತ್ರಿ! ನೀರು ಬಿಟ್ರೆ ಕೆಲಸ ನಿಂತುಹೋಗುತ್ತೆ."

"ನಿಲ್ಲಲಿ. ನೆಲ ನೀರು ಕುಡಿದು ಉಬ್ಬಿದೆ. ಖಾಲಿ ಕೊಳ ಅಂದ್ರೆ ಖಾಲಿ ದೋಣಿ ಇದ್ದ ಹಾಗೆ. ಅಡಿಯಿಂದ ನೀರು ಎತ್ತಿ ಒಗೆಯುತ್ತೆ. ಒಳಗೆ ತೂಕ ಇದ್ರೆ ಕೂತಿರುತ್ತೆ. ಮಳೆ ಹಿಡಿದಾಗ ಯಾವ ಕೊಳಾನೂ ಖಾಲಿ ಬಿಡಬಾರದು, ನೆನಪಿಟ್ಕೊ."

ಪಕ್ಕದಲ್ಲಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಟೈಲ್ಸ್ ಒರೆಸುತ್ತಿದ್ದ ಗುಬ್ಬಿ ಕೂಡ ಇದನ್ನು ಕೇಳಿಸಿಕೊಂಡಳು. ಟೈಲ್ಸಕ್ಕ ಗೊಣಗುತ್ತಲೇ ನೀರು ಬಿಟ್ಟಳು.

ಮಳೆ ಬಿಡುವು ಕೊಟ್ಟಾಗ ನೀರು ಖಾಲಿ ಮಾಡಿ ಟೈಲ್ಸ್ ಹಾಕಲು ಕೂತರು. ಓಣಿಯಲ್ಲಿ ಪೇರಿಸಿದ್ದ ಪೆಟ್ಟಿಗೆಗಳೆಲ್ಲ ಹೊರಗೆ ಬಂದವು. ಅರ್ಧ ಪೆಟ್ಟಿಗೆ, ಕಾಲು ಪೆಟ್ಟಿಗೆ, ಕೈಯಷ್ಟೇ ಉಳಿದದ್ದು. ಬಣ್ಣ ಬೇರೆ, ಅಳತೆ ಬೇರೆ, ದಪ್ಪವೂ ಬೇರೆ. ಮೊದಲು ದಪ್ಪದ ಪ್ರಕಾರ ವಿಂಗಡಿಸಿದಳು. ತೆಳುವಾದದ್ದರ ಹಿಂದೆ ಗಾರೆ ಜಾಸ್ತಿ, ದಪ್ಪದ್ದರ ಹಿಂದೆ ಕಡಿಮೆ. ಬಚ್ಚಲುಮನೆಗಳ ಒರಟು ಟೈಲ್ಸೆಲ್ಲ ಮೆಟ್ಟಿಲಿಗೆ ಮತ್ತು ನೆಲಕ್ಕೆ, ಗುಬ್ಬಿ ಜಾರಬಾರದಲ್ಲ. ನುಣುಪಾದವೆಲ್ಲ ಗೋಡೆಗೆ. ಯಾರದೋ ಅಡುಗೆಮನೆಯಲ್ಲಿ ಮಿಕ್ಕಿದ್ದ ದ್ರಾಕ್ಷಿ ಗೊಂಚಲಿನ ಚಿತ್ರ, ಯಾವುದೋ ಹೋಟೆಲಿನ ಕಪ್ಪುಬಿಳಿ ಚೌಕ, ಒಂದು ದವಾಖಾನೆಯ ಸಪ್ಪೆ ಗುಲಾಬಿ. ಒಡೆದ ಚೂರುಗಳನ್ನೂ ಬಿಡದೆ ಮೀನಿನ ಹಾಗೆ ಜೋಡಿಸಿದಳು. ಆ ಮೀನು ನೋಡಿದರೆ ನಾಯಿಯ ಹಾಗಿತ್ತು. "ನೀರಿಗೆ ಹಾಕು, ಮೀನಾಗುತ್ತೆ" ಅಂದರು ಮೇಸ್ತ್ರಿ.

ಆದರೆ ಅವಸರ ಮಾಡಿದ್ದಳು. ಗೋಡೆಯ ಒಳಗಿನ ಹಸಿ ಆರಿರಲಿಲ್ಲ. ಮತ್ತೆ ಒಂದು ಬಿರುಮಳೆ ಬಂದು ಟಾರ್ಪಾಲನ್ನು ಕಿತ್ತುಕೊಂಡು ಹೋಯಿತು. ಬೆಳಿಗ್ಗೆ ನೋಡಿದರೆ ಒಂದಿಡೀ ಗೋಡೆಯ ಟೈಲ್ಸು ಹಪ್ಪಳದ ಹಾಗೆ ಬಿಟ್ಟುಕೊಂಡು ಕೆಳಗೆ ರಾಶಿ ಬಿದ್ದಿತ್ತು. ಟೈಲ್ಸಕ್ಕ ಇಳಿದು ಆ ಚೂರುಗಳ ನಡುವೆ ಕೂತಳು. ಮೇಲಿನ ಮನೆಯ ಬಾಲ್ಕನಿಯಲ್ಲಿ ವಾರಗಿತ್ತಿ ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದಳು. ಒಳಗೆ ಯಾರನ್ನೋ ಕರೆದು ತೋರಿಸಿದಳು ಕೂಡ.

ಗುಬ್ಬಿ ಅಂಚಿಗೆ ಬಂದು, "ಅಮ್ಮಾ, ಬಿಟ್ಟುಬಿಡು. ನನಗೆ ಕೊಳ ಬೇಡ" ಅಂದಳು.

"ನಿನಗೆ ಬೇಡದಿದ್ರೂ ನನಗೆ ಬೇಕು" ಎಂದಳು ತಾಯಿ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತಂತೆ. ಅಲ್ಲಿಯವರೆಗೆ ಮಗಳ ಕಾಲಿಗಾಗಿ ಕಟ್ಟುತ್ತಿದ್ದೇನೆಂದೇ ತನಗೆ ತಾನು ಹೇಳಿಕೊಳ್ಳುತ್ತಿದ್ದಳು.

ಈ ಸಲ ಕಾದಳು. ಗೋಡೆಗೆ ಅಂಗೈ ಒತ್ತಿ ಒತ್ತಿ ನೋಡಿ, ಬಿಸಿ ಬಲ್ಬುಗಳನ್ನು ತೂಗುಹಾಕಿ ಆರಿಸಿ, ಮತ್ತೆ ಕೂರಿಸಿದಳು. ಕೊಳ ಮುಗಿಯಿತು. ಉಳಿದದ್ದು ಕೊಳಕ್ಕೆ ಇಳಿಯುವ ಮೊದಲು ಕಾಲು ತೊಳೆಯುವ ಜಾಗ, ನಲ್ಲಿಯ ಕೆಳಗೆ ಒಂದು ಚಿಕ್ಕ ಚೌಕ. ಅಲ್ಲಿಗೆ ಅವಳು ಹಡಗಿನಲ್ಲಿ ಬಂದ ಆ ಚಿನ್ನದ ಚುಕ್ಕಿಯ ಟೈಲ್ಸ್ ತೆಗೆದಳು. ಕೊಳದೊಳಗೆ ಎಲ್ಲೂ ಅದನ್ನು ಬಳಸಿರಲಿಲ್ಲ. ಇದಕ್ಕೆಂದೇ ಇಟ್ಟಿದ್ದಳು. ಒಂದೊಂದನ್ನೂ ಎಷ್ಟು ಪ್ರೀತಿಯಿಂದ ಕೂರಿಸಿದಳೆಂದರೆ, ಮಗುವಿಗೆ ಸ್ನಾನ ಮಾಡಿಸುವವಳ ಹಾಗೆ ಕಾಣುತ್ತಿದ್ದಳು.

ನೀರು ತುಂಬಿದ ದಿನ ಬೀದಿಯವರನ್ನೆಲ್ಲ ಕರೆದಳು. ಗೋಡೆಯ ಮೇಲೆ ಬಗ್ಗಿ, ಕೇಳುವ ಹಾಗೆ, "ಮಕ್ಕಳೆಲ್ಲ ಬನ್ನಿ! ಇಲ್ಲಿ ಯಾರು ಇಳಿದ್ರೂ ನೀರು ಬದಲಾಯಿಸೋದಿಲ್ಲ. ಆದ್ರೆ ಕಾಲು ತೊಳ್ಕೊಂಡು ಬನ್ನಿ, ಆ ಹಸಿರು ಟೈಲ್ಸ್ ಮೇಲೆ ನಿಂತು ಚೆನ್ನಾಗಿ ಉಜ್ಜಿ" ಎಂದು ಕೂಗಿದಳು. ಬೀದಿಯ ಮಕ್ಕಳ ಮಣ್ಣುಗಾಲುಗಳು ಆ ಚಿನ್ನದ ಚುಕ್ಕಿಗಳ ಮೇಲೆ ತಕತಕ ಕುಣಿದವು. ಗುಬ್ಬಿ ಪಟ್ಟಿ ಬಿಚ್ಚಿಟ್ಟು ಕೊಳವೆ ಹಿಡಿದು ಇಳಿದಳು. ನೀರು ಎದೆಗೆ ಬಂದಾಗ ಕೈ ಬಿಟ್ಟಳು.

ವಾರಗಿತ್ತಿ ಬಾಲ್ಕನಿಯಿಂದ ಇಳಿದು ನೇರ ಬಂದಳು. ನಾನೂ ಅಲ್ಲೇ ಇದ್ದೆ.

"ಇದು ನನ್ನ ಟೈಲ್ಸ್!"

"ಹೌದಕ್ಕ. ಮಿಕ್ಕಿದ್ದು. ಭಾವ ಕೊಟ್ಟಿದ್ದು."

"ಇದನ್ನ ಕಾಲಿಗೆ ಹಾಕಿದ್ದೀಯಾ?"

"ಕಾಲಿಗೆ ಹೇಳಿ ಮಾಡಿಸಿದ ಹಾಗಿದೆ. ಜಾರೋದೇ ಇಲ್ಲ. ನೀವೂ ನಿಂತು ನೋಡಿ ಬೇಕಾದ್ರೆ."

ಯಾರೋ ಕಿಸಕ್ಕನೆ ನಕ್ಕರು. ಬಹುಶಃ ನಾನೇ. ವಾರಗಿತ್ತಿಯ ಮೂಗಿನ ಹೊಳ್ಳೆ ಅರಳಿತು. ತಿರುಗಿ ಹೋದಳು. ಆ ದಿನ ಟೈಲ್ಸಕ್ಕ ಮೇಸ್ತ್ರಿಯ ಎರಡು ಕೈಯನ್ನೂ ಹಿಡಿದು ಅಲ್ಲಾಡಿಸಿದಳು. ಮುದುಕರು ಬಾಯಿ ಬಿಟ್ಟು ನಕ್ಕು, ಮಳೆ ಕಳೆಯುವ ತನಕ ಮಗನ ಮನೆಯಲ್ಲಿ ಇರುತ್ತೇನೆಂದು ಬಸ್ಸು ಹತ್ತಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ನಕ್ಕು ಮರೆಯುತ್ತಿದ್ದೆವು. ಆದರೆ ವಾರಗಿತ್ತಿಗೆ ನಿದ್ದೆ ಬರಲಿಲ್ಲ. ಬೀದಿಯ ಮಕ್ಕಳು ಕಾಲುಜ್ಜುವ ಟೈಲ್ಸು ತನ್ನ ಕೊಳದ ಗೋಡೆಯಲ್ಲಿದೆ ಎಂಬುದು ಅವಳ ಕಣ್ಣಿಗೆ ಚುಚ್ಚತೊಡಗಿತು. ಎಲ್ಲವನ್ನೂ ಕಿತ್ತು ಬೇರೆ ಹಾಕಿಸುತ್ತೇನೆಂದು ಹಟ ಹಿಡಿದಳು. ಗಂಡ ಮಳೆಗಾಲ ಕಳೆಯಲಿ ಎಂದ, ಕೇಳಲಿಲ್ಲ. ಎಲ್ಲಿಂದಲೋ ಕೆಲಸದವರು ಬಂದರು. ಕೊಳದ ಮೇಲೆ ತಗಡಿನ ಚಪ್ಪರ ಎದ್ದಿತು. ಪಂಪು ಶುರುವಾಯಿತು.

ಆಗ ಮಳೆ ಹಿಡಿದು ಬಿಟ್ಟಿರಲೇ ಇಲ್ಲ. ನಮ್ಮ ಮನೆಗಳ ನೆಲದಲ್ಲಿ ಕೂಡ ತೇವ ಒಸರುತ್ತಿತ್ತು. ಟೈಲ್ಸಕ್ಕ ಬಟ್ಟೆ ಹಿಂಡುತ್ತಾ ಆ ಪಂಪಿನ ಸದ್ದನ್ನು ಕೇಳುತ್ತಾ ನಿಂತಳು. ಗುಬ್ಬಿ ಪಕ್ಕದಲ್ಲೇ ಇದ್ದಳು.

"ಅಮ್ಮಾ, ಅವರು ಖಾಲಿ ಮಾಡ್ತಿದ್ದಾರೆ."

"ಮಾಡ್ಲಿ."

"ಮಳೇಲಿ ಖಾಲಿ ಬಿಡಬಾರದು ಅಂತ ಮೇಸ್ತ್ರಿ ತಾತ ಹೇಳಿದ್ರಲ್ಲ. ದೊಡ್ಡಮ್ಮಂಗೆ ಹೇಳ್ಬೇಕಲ್ವಾ?"

"ನಾವು ಟೈಲ್ಸ್ ಕೆಲಸದವರು ಕಣೆ. ಕರೀದೆ ಹೋಗಿ ಬುದ್ಧಿ ಹೇಳೋಕಾಗಲ್ಲ."

"ನಾನು ಹೇಳ್ಲಾ?"

"ಆ ಮನೆ ಹೊಸ್ತಿಲು ತುಳಿದ್ರೆ ನನ್ನ ಮಗಳೇ ಅಲ್ಲ ನೀನು."

ಗುಬ್ಬಿ ಟಕ್ ಟಕ್ ಎಂದು ಒಳಗೆ ಹೋದಳು. ಟೈಲ್ಸಕ್ಕ ಆ ದಿನವೆಲ್ಲ ಒಂಥರಾ ಹುರುಪಿನಲ್ಲಿದ್ದಳು. ನನ್ನ ಹತ್ತಿರ ರವಿಕೆ ಅಳತೆ ಕೊಡಲು ಬಂದವಳು ಕಿಟಕಿಯಿಂದ ಕದಲಲೇ ಇಲ್ಲ. ಏನು ನೋಡುತ್ತಿದ್ದೀಯ ಎಂದರೆ, "ಏನಿಲ್ಲ, ನೀರು ಇಳೀತಿದೆ" ಅಂದಳು. ನನಗೆ ಅರ್ಥವಾಗಲಿಲ್ಲ.

ಮರುದಿನ ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋಗಿದ್ದರು. ನಾನು ಒಂದು ಅಂಗಿಗೆ ಕಾಲರು ಕೂರಿಸುತ್ತಿದ್ದೆ. ಮೊದಲು ಒಂದು ನರಳಿಕೆ, ದೊಡ್ಡ ಪ್ರಾಣಿ ಮಗ್ಗುಲು ಬದಲಿಸಿದ ಹಾಗೆ. ಆಮೇಲೆ ಸಿಡಿಲು ಹೊಡೆದಂತೆ ಪಟಾರ್. ಕತ್ತೆತ್ತಿದರೆ ಮೇಲಿನ ಮನೆಯ ಕೊಳದ ಆಳದ ತುದಿ ನೆಲದಿಂದ ಮೇಲೆದ್ದು ನಿಂತಿತ್ತು. ಸುತ್ತ ಹಾಸಿದ್ದ ಕಲ್ಲುಗಳು ಒಂದರ ಮೇಲೊಂದು ಏರಿದ್ದವು. ತಗಡಿನ ಚಪ್ಪರ ವಾಲಿಕೊಂಡಿತ್ತು. ಗೋಡೆಯ ಬಿರುಕಿನಿಂದ ಕೆಸರುನೀರು ಚಿಮ್ಮುತ್ತಿತ್ತು.

ಟೈಲ್ಸಕ್ಕ ತನ್ನ ಹಿತ್ತಲಲ್ಲಿ ಎರಡು ಕೈಯನ್ನೂ ಮೇಲೆತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಗೆದ್ದವರು ಎತ್ತುವ ಹಾಗೆ. ಮರುಗಳಿಗೆಯೇ ಆಚೆಯಿಂದ ಒಂದು ಕಿರುಚಾಟ ಕೇಳಿತು. ಮೇಲಿನ ಮನೆಯ ಹುಡುಗಿ ಕೊಳದ ಅಂಚಿನಲ್ಲಿ ನಿಂತಿದ್ದಳಂತೆ, ಕಲ್ಲು ಎಗರಿದ ರಭಸಕ್ಕೆ ಮುಗ್ಗರಿಸಿ ಬಿದ್ದಿದ್ದಳು.

ಎತ್ತಿದ್ದ ಕೈ ಇಳಿಯಿತು. ಟೈಲ್ಸಕ್ಕ ಗೋಡೆ ಹತ್ತಿ ಹಾರಿದಳು. ಆ ಗೋಡೆಯನ್ನು ಅವಳು ಹೇಗೆ ಹತ್ತಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಗಿಯ ಗಲ್ಲ ಸೀಳಿ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಸೆರಗಿನಿಂದ ಒತ್ತಿ ಹಿಡಿದು, ಎತ್ತಿಕೊಂಡು, ಬೀದಿಗೆ ಓಡಿದಳು. ವಾರಗಿತ್ತಿ ಹಿಂದೆ ಬರಿಗಾಲಿನಲ್ಲಿ ಓಡುತ್ತಿದ್ದಳು. ಒಂದೇ ಆಟೋದಲ್ಲಿ ಇಬ್ಬರೂ ಕೂತು ಹೋದರು. ಡಾಕ್ಟರು ಗಲ್ಲಕ್ಕೆ ಹೊಲಿಗೆ ಹಾಕಿದರು. ಬೇರೇನೂ ಆಗಿರಲಿಲ್ಲ.

ಸಂಜೆ ಭಾವ ತಮ್ಮನ ಮನೆಗೆ ಬಂದ. ಒಳಗೆ ಬರಲಿಲ್ಲ, ಹೊರಗಿನ ಕಲ್ಲಿನ ಮೇಲೆ ಕೂತ. ಹೇಗೆ ಹೀಗಾಯಿತೆಂದು ಯಾರನ್ನೋ ಕೇಳಿ ತಿಳಿದುಕೊಂಡು ಬಂದಿದ್ದ.

"ನಿನಗೆ ಗೊತ್ತಿತ್ತೇನಮ್ಮ, ಹೀಗಾಗುತ್ತೆ ಅಂತ?"

ಅವಳ ಗಂಡ ಹೆಂಡತಿಯ ಮುಖ ನೋಡಿದ, ಇಲ್ಲ ಅನ್ನು ಎನ್ನುವ ಹಾಗೆ.

"ಗೊತ್ತಿತ್ತು ಭಾವ."

"ಒಂದು ಮಾತು ಹೇಳ್ಬಹುದಿತ್ತು."

"ನನ್ನ ಮಗಳನ್ನ ಕೆಲಸದವಳ ಮಗಳು ಅಂತ ನೀರಿಂದ ಎಬ್ಬಿಸಿದ ದಿನ ನೀವೂ ಅಲ್ಲೇ ಕೂತಿದ್ರಿ. ನೀವೂ ಒಂದು ಮಾತು ಹೇಳ್ಬಹುದಿತ್ತು."

ಭಾವ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ. ಕೊನೆಗೆ, "ಬೇಜಾರಾದ್ರೂ ಇದೆಯಾ ನಿನಗೆ?" ಎಂದು ಕೇಳಿದ.

"ಹುಡುಗಿ ಗಲ್ಲಕ್ಕೆ ಇದೆ. ಕೊಳಕ್ಕೆ ಇಲ್ಲ."

ಅವನು ಎದ್ದು ಹೋದ. ಅವಳು ಅಂದುಕೊಂಡಂತೆ ಅಲ್ಲಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. ಗುಬ್ಬಿ ಕೊಳಕ್ಕೆ ಇಳಿಯುವುದನ್ನು ನಿಲ್ಲಿಸಿಬಿಟ್ಟಳು. ಬೈದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ.

"ನಾನು ಹೇಳ್ಲಾ ಅಂದೆ. ನೀನು ಬಿಡಲಿಲ್ಲ. ಅಕ್ಕನ ಗಲ್ಲದ ಮೇಲೆ ಗೆರೆ ಉಳಿಯುತ್ತಂತೆ" ಎಂದಳು ಒಮ್ಮೆ. ಆಮೇಲೆ ಅದನ್ನೂ ಹೇಳಲಿಲ್ಲ. ದಿನಗಳು ಕಳೆದವು. ಗುಬ್ಬಿಯ ಕಾಲು ಮತ್ತೆ ಬಿಗಿಯತೊಡಗಿತು. ಬೀದಿಯ ಮಕ್ಕಳು ಬಂದು ಈಜಿ ಹೋಗುತ್ತಿದ್ದರು, ಕೊಳ ಯಾರಿಗಾಗಿ ಹುಟ್ಟಿತೋ ಅವಳು ಮಾತ್ರ ಒಳಗೆ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದಳು. ಟೈಲ್ಸಕ್ಕ ಸೊರಗಿದಳು. "ನನ್ನ ಸಿಟ್ಟೇ ನನ್ನ ಹೊಟ್ಟೇಲಿ ಹುಟ್ಟಿ ಬಂದಿದೆ ಕಣೇ, ಅದೇ ಮೊಂಡು" ಎಂದು ನನ್ನ ಹತ್ತಿರ ಕಣ್ಣೊರೆಸಿಕೊಂಡಳು.

ಒಂದು ದಿನ ಕೆಲಸದಿಂದ ಬಂದವಳು ಕೈಕಾಲು ತೊಳೆದು, ತಲೆ ಬಾಚಿ, ಗುಬ್ಬಿಯನ್ನೂ ಕರೆದುಕೊಂಡು ಮೇಲಿನ ಮನೆಗೆ ಹೋದಳು. ಬಾಗಿಲು ತೆರೆದವಳು ವಾರಗಿತ್ತಿಯೇ. ಟೈಲ್ಸಕ್ಕ ಅವಳನ್ನು ದಾಟಿ ಒಳಗೆ ನೋಡುತ್ತಾ ಹುಡುಗಿಯನ್ನು ಕೂಗಿದಳು. ಹುಡುಗಿ ಬಂದಳು, ಗಲ್ಲದ ಮೇಲೆ ಇನ್ನೂ ಕೆಂಪು ಗೆರೆ.

"ಮಗಳೇ, ಕೊಳ ಒಡೆಯುತ್ತೆ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ನಿನಗೆ ಏಟಾಯ್ತು. ನಿನ್ನ ಹತ್ರ ನನ್ನದು ತಪ್ಪಾಯ್ತು. ನಿಮ್ಮಮ್ಮನ ಹತ್ರ ಅಲ್ಲ, ನಿನ್ನ ಹತ್ರ."

ವಾರಗಿತ್ತಿ, "ನನ್ನ ಮನೆ ಬಾಗಿಲಲ್ಲಿ ನಿಂತು ನನ್ನನ್ನೇ ಬಿಟ್ಟು ಮಾತಾಡ್ತಾಳೆ ನೋಡು" ಅಂದಳು.

"ನಿಮ್ಮ ಸರದಿ ಬಂದಾಗ ನೀವೂ ಮಾತಾಡಿ ಅಕ್ಕ. ಗುಬ್ಬಿ ಇಲ್ಲೇ ನಿಂತಿದ್ದಾಳೆ" ಎಂದಳು ಟೈಲ್ಸಕ್ಕ.

ವಾರಗಿತ್ತಿ ಗುಬ್ಬಿಯನ್ನು ನೋಡಿದಳು. ಒಳಗೆ ಹೋಗಿಬಿಟ್ಟಳು. ಅವಳು ಇವತ್ತಿನವರೆಗೂ ಆ ಮಾತು ಆಡಿಲ್ಲ. ಆದರೆ ಮಗಳು ಚಪ್ಪಲಿ ಮೆಟ್ಟಿಕೊಂಡು ಗುಬ್ಬಿಯ ಜೊತೆ ಕೆಳಗಿಳಿದು ಬಂದದ್ದನ್ನು ತಡೆಯಲೂ ಇಲ್ಲ.

ಈಗ ಮೇಲಿನ ಮನೆಯವರು ಆ ಕೊಳದ ಅವಶೇಷಕ್ಕೆ ಮಣ್ಣು ಸುರಿಸಿ ಹುಲ್ಲು ಬೆಳೆಸಿದ್ದಾರೆ. ಅಣ್ಣ ತಮ್ಮ ಭಾನುವಾರಗಳಲ್ಲಿ ಬೀದಿಯ ತುದಿಯ ಚಹಾದಂಗಡಿಯಲ್ಲಿ ಭೇಟಿಯಾಗುತ್ತಾರೆ, ಮನೆಯಲ್ಲಿ ಅಲ್ಲ. ಗುಬ್ಬಿ ಅಕ್ಕನ ಜೊತೆ ಮತ್ತೆ ನೀರಿಗಿಳಿಯುತ್ತಾಳೆ, ಮನೆಯೊಳಗೆ ಪಟ್ಟಿ ಇಲ್ಲದೆ ಓಡಾಡುತ್ತಾಳೆ, ಹೊರಗೆ ಹೋಗುವಾಗ ಮಾತ್ರ ಕಟ್ಟಿಕೊಳ್ಳುತ್ತಾಳೆ. ಟೈಲ್ಸಕ್ಕನಿಗೆ ಎರಡು ಕಡೆಯಿಂದ ಕೊಳ ಕಟ್ಟಿಕೊಡಿ ಎಂದು ಕರೆ ಬಂದಿದೆ. ಮಿಕ್ಕಿದ ಟೈಲ್ಸಿನಲ್ಲೇ ಬೇಕಂತೆ, ಅದು ಈಗ ಚೆಂದವಂತೆ. ಮೊನ್ನೆ ಇಬ್ಬರು ಹುಡುಗಿಯರಿಗೂ ಈಜುವ ಬಟ್ಟೆ ಹೊಲಿಸಲು ನನ್ನ ಹತ್ತಿರ ಬಂದಿದ್ದಳು. ಅಳತೆ ಬರೆದುಕೊಳ್ಳುತ್ತಾ, ವಾರಗಿತ್ತಿಯ ಮೇಲಿನ ಸಿಟ್ಟು ಈಗಲಾದರೂ ಇಳಿಯಿತೇ ಎಂದು ಕೇಳಿದೆ.

"ಇಳಿಯೋದಾ?" ಅಂದಳು. "ಬೆಳಿಗ್ಗೆ ಎದ್ದ ತಕ್ಷಣ ಒಂದ್ಸಲ ನೋಡ್ಕೋತೀನಿ, ಇದೆಯಾ ಅಂತ. ಇರುತ್ತೆ. ಆಮೇಲೆ ಕೆಲಸಕ್ಕೆ ಹೋಗ್ತೀನಿ." ನಾನು ಬರೆದ ಅಳತೆಯ ಮೇಲೆ ಬಗ್ಗಿ, "ದೊಡ್ಡವಳದಕ್ಕೆ ಭುಜದ ಹತ್ರ ಸ್ವಲ್ಪ ಸಡಿಲ ಬಿಡು, ಬೆಳೀತಿದ್ದಾಳೆ" ಎಂದಳು.